ಓದುಗರ ಸ್ಪಂದನ: ಗಂಟೆ ಕೇಳಿಸುತ್ತೆ, ನಮ್ಮ ಚರ್ಚ್ ಮಾತ್ರ ಸಿಕ್ಕಿಲ್ಲ

ಹಾಸನದ ಓದುಗರೊಬ್ಬರು ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ನಾಲ್ಕು ತಿಂಗಳಾಯಿತು. ಕಥೋಲಿಕ ಮನೆತನದವರು. ಮೊದಲ ಭಾನುವಾರ ಗೋಪುರ ನೋಡಿ ಒಂದು ಚರ್ಚಿನೊಳಗೆ ಹೋದರೆ, ಕಪ್ಪು ನಿಲುವಂಗಿ ತೊಟ್ಟ ಮಹಿಳೆಯೊಬ್ಬರು ಪ್ರಸಂಗ ಕೊಡುತ್ತಿದ್ದರು. ಅದು ಪ್ರೊಟೆಸ್ಟಂಟರ ಚರ್ಚ್ ಎಂದು ಗೊತ್ತಾಗಿ ಮೆಲ್ಲಗೆ ಎದ್ದು ಬಂದರು. ಆಮೇಲೆ ಎಲ್ಲಿಗೂ ಹೋಗಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಪ್ರತಿ ತಿಂಗಳೂ ಚರ್ಚ್ ತೆರಿಗೆ (ಚರ್ಚಿನ ಸದಸ್ಯರೆಂದು ಹೆಸರು ದಾಖಲಾದವರು ಕಟ್ಟಬೇಕಾದದ್ದು) ಕಡಿತವಾಗುತ್ತಿದೆ. "ಹೆಸರು ತೆಗೆಸಿಬಿಡು" ಎಂದು ಸಹೋದ್ಯೋಗಿಯ ಸಲಹೆ. "ಪೂಜೆಗೆ ಹೋದ್ಯಾ?" ಎಂದು ಪ್ರತಿ ವಾರ ಅಮ್ಮನ ಪ್ರಶ್ನೆ. ಹೂಂ ಅಂತ ಸುಳ್ಳು ಹೇಳಿ ಸಾಕಾಗಿದೆ, ಏನು ಮಾಡಲಿ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿನ್ನ ಪತ್ರ ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡ, ನಾನೂ ಅದೇ ತಪ್ಪು ಮಾಡಿದವಳು. ನೀನು ಬೇಗ ಎದ್ದು ಬಂದೆ. ನಾನು ಪೂರ್ತಿ ಒಂದು ಗಂಟೆ ಕೂತು, ಪರಮಪ್ರಸಾದಕ್ಕೆ (ನಮ್ಮ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಗೆ) ಇನ್ನೂ ಯಾರೂ ಏಳುತ್ತಿಲ್ಲವಲ್ಲ ಅಂತ ಕಾಯುತ್ತಿದ್ದೆ!

ನೀನಿರುವುದು ಹಳೇ ವ್ಯುರ್ಟೆಂಬರ್ಗ್ ಸೀಮೆ. ಅಲ್ಲಿನ ಡ್ಯೂಕ್ 1534ರಲ್ಲೇ ಪ್ರೊಟೆಸ್ಟಂಟ್ ಪಂಥ ಶುರು ಮಾಡಿದ ಲೂಥರನ ಕಡೆ ಸೇರಿದ. ಹಾಗಾಗಿ ಊರ ನಡುವೆ ಕಾಣುವ ಹಳೆಯ, ದೊಡ್ಡ, ಚೆಂದದ ಚರ್ಚ್ ಅಂದರೆ ಬಹುಪಾಲು ಪ್ರೊಟೆಸ್ಟಂಟರದ್ದೇ. ನಮ್ಮವು ಹೆಚ್ಚಾಗಿ ಬಹಳ ಆಮೇಲೆ ಕಟ್ಟಿದವು. ಕೆಲವಂತೂ ಬರೀ ಕಾಂಕ್ರೀಟು, ಹೊರಗಿನಿಂದ ನೋಡಿದರೆ ಕಲ್ಯಾಣ ಮಂಟಪ ಅನ್ನಬೇಕು. ಅದಕ್ಕೇ ಗೋಪುರ ನಂಬಬೇಡ, ಬೋರ್ಡ್ ಓದು. 'ಇವಾಂಗೇಲಿಷ್' ಅಂದರೆ ಅವರದ್ದು, 'ಕಾತೋಲಿಷ್' ಅಂದರೆ ನಮ್ಮದು. ಆ ಪದದ ಮೊದಲಿಗೆ 'ಆಲ್ಟ್' ಅಂತ ಸೇರಿದ್ದರೆ ಅವರು ಹಳೇ ಕಥೋಲಿಕರು. 1870ರ ವ್ಯಾಟಿಕನ್ ಮಹಾಸಭೆಯ ತೀರ್ಮಾನ ಒಪ್ಪದೆ ರೋಮಿನಿಂದ ಬೇರೆಯಾದವರು. ಒಳಗೆ ಹೋದ ಮೇಲೂ ಅನುಮಾನ ಬಂದರೆ ಎರಡು ಗುರುತು ನೋಡು: ಬಾಗಿಲ ಹತ್ತಿರ ತೀರ್ಥದ ಬಟ್ಟಲು, ಪರಮಪ್ರಸಾದದ ಪೆಟ್ಟಿಗೆಯ ಪಕ್ಕ ಉರಿಯುವ ಕೆಂಪು ದೀಪ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಇಲ್ಲಿ ಫಾದರ್‌ಗಳು ಕಮ್ಮಿ. ನಾಲ್ಕೈದು ಚರ್ಚಿಗೆ ಒಬ್ಬರೇ ಓಡಾಡುತ್ತಾರೆ. ಆದ್ದರಿಂದ ಎಲ್ಲಾ ಚರ್ಚಿನಲ್ಲೂ ಎಲ್ಲಾ ಭಾನುವಾರ ಪೂಜೆ ಇರುವುದಿಲ್ಲ. ಬಾಗಿಲ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ವಾರದ ಪಟ್ಟಿ ಅಂಟಿಸಿರುತ್ತಾರೆ. 'ಆಯ್ಖರಿಸ್ಟೀಫೈಯರ್' ಅಂತಿದ್ದರೆ ಪೂಜೆ. 'ವೋರ್ಟ್-ಗೋಟೆಸ್-ಫೈಯರ್' ಅಂತಿದ್ದರೆ ಬರೀ ವಾಚನ, ಪ್ರಾರ್ಥನೆ. ಅದನ್ನು ಸಾಮಾನ್ಯವಾಗಿ ಊರಿನವರೇ ನಡೆಸುತ್ತಾರೆ. ಹಿಂದಿನ ದಿನವೇ ಹೋಗಿ ಪಟ್ಟಿಯ ಫೋಟೋ ತೆಗೆದುಕೊಂಡು ಬಾ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೇ ಬರುತ್ತದೆ, ಗೊತ್ತಲ್ಲ. ಗೊಂದಲವೇ ಬೇಡ ಅಂದರೆ ಸಂತ ಎಬರ್ಹಾರ್ಡರ ಚರ್ಚಿಗೆ ಹೋಗು. ಪೇಟೆ ಮಧ್ಯೆ, ಕ್ಯೋನಿಗ್‌ಸ್ಟ್ರಾಸೆಯಲ್ಲಿ, ಅಂಗಡಿಗಳ ಸಾಲಿನಲ್ಲೇ ಇದೆ.

ಭಾಷೆಗೆ ಹೆದರಬೇಡ. ಒಳಗೆ ಕಾಲಿಟ್ಟಾಗ ಕಪಾಟಿನಲ್ಲಿ ದಪ್ಪ ಪುಸ್ತಕ ಜೋಡಿಸಿರುತ್ತಾರೆ, ಹೆಸರು 'ಗೋಟೆಸ್‌ಲೋಬ್'. ಒಂದು ಎತ್ತಿಕೋ. ಗೋಡೆಯ ಮೇಲೆ ಅಂಕಿ ಬರುತ್ತದೆ, ಆ ನಂಬರಿನ ಹಾಡು ತೆಗೆಯಬೇಕು. ನಾನು ಮೊದಲ ದಿನ ಅಂಕಿಯನ್ನು ಪುಟದ ನಂಬರ್ ಅಂದುಕೊಂಡು ತಡಕಾಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಏನೂ ಮಾತಾಡದೆ ಒಂದು ಕೈಯ ಗವಸು ಕಳಚಿ, ನನ್ನ ಪುಸ್ತಕ ತಗೊಂಡು, ಸರಿಯಾದ ಹಾಡು ತೆಗೆದು, ಬೆರಳಿಟ್ಟು ತೋರಿಸಿ ವಾಪಸ್ ಕೊಟ್ಟರು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ನಾನು ನಮ್ಮೂರ ಹಾಗೆ ಕೈಮುಗಿದೆ, ಅವರು ಕೈ ಚಾಚಿದರು. ನಾನು ಕೈ ಚಾಚುವಷ್ಟರಲ್ಲಿ ಅವರು ಕೈಮುಗಿದಿದ್ದರು. ಮುಂದಿನ ವಾರ ಅದೇ ಬೆಂಚಿನಲ್ಲಿ ನನಗೆ ಜಾಗ ಇಟ್ಟಿದ್ದರು.

ಅಕ್ಟೋಬರ್ ಮೊದಲ ಭಾನುವಾರ ಮಾತ್ರ ತಪ್ಪಿಸಬೇಡ. ಪೀಠದ ಮುಂದೆ ಕುಂಬಳಕಾಯಿ, ಸೇಬು, ಗೋಧಿ ತೆನೆ, ದೊಡ್ಡ ಬ್ರೆಡ್ಡು ಎಲ್ಲಾ ಇಟ್ಟು ಹರಸುತ್ತಾರೆ. ನಮ್ಮ ಸೆಪ್ಟೆಂಬರ್ 8ರ ತೆನೆ ಹಬ್ಬ ನೆನಪಾಗಿ ನನಗೆ ಕಣ್ಣು ತುಂಬಿತ್ತು.
– ನಿಮ್ಮೂರಿನವಳೇ ಒಬ್ಬ ನರ್ಸ್, ಎಸ್ಲಿಂಗೆನ್

*

ನಾನು ತೆರಿಗೆ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ರಾಜ್ಯದಲ್ಲೂ ನಮ್ಮ ಬವೇರಿಯದಲ್ಲೂ ಅದು 8%, ಉಳಿದ ಕಡೆ 9%. ಸಂಬಳದ ಮೇಲಲ್ಲ, ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ. ತಿಂಗಳಿಗೆ 500 ಯೂರೋ ತೆರಿಗೆ ಹೋಗುತ್ತಿದ್ದರೆ ಚರ್ಚಿಗೆ 40. ವರ್ಷದ ಕೊನೆಗೆ ತೆರಿಗೆ ಲೆಕ್ಕ ಸಲ್ಲಿಸುವಾಗ ಅದನ್ನು ನಿಮ್ಮ ಆದಾಯದಲ್ಲಿ ಕಳೆದು ತೋರಿಸಬಹುದು.

ಹೆಸರು ತೆಗೆಸುವುದು ಸುಲಭ. ಕಚೇರಿಗೆ ಹೋಗಿ ಒಂದು ಸಹಿ ಹಾಕಿದರೆ ಆಯಿತು. ಆದರೆ ಅದು ಬರೀ ತೆರಿಗೆ ಉಳಿಸುವ ಕಾಗದ ಅಲ್ಲ, ಚರ್ಚನ್ನೇ ಬಿಟ್ಟೆ ಅನ್ನುವ ಕಾಗದ. 2012ರಲ್ಲಿ ಇಲ್ಲಿನ ಬಿಷಪ್ಪರು ಸ್ಪಷ್ಟವಾಗಿ ಆದೇಶ ಹೊರಡಿಸಿದ್ದಾರೆ: ಹಾಗೆ ಬಿಟ್ಟವರಿಗೆ ಪರಮಪ್ರಸಾದ ಇಲ್ಲ, ಪಾಪನಿವೇದನೆ ಇಲ್ಲ, ಮಗುವಿನ ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ಜ್ಞಾನತಾಯಿಯಾಗಿ (ಗಾಡ್‌ಮದರ್) ನಿಲ್ಲುವಂತಿಲ್ಲ. ಈ ಪದ್ಧತಿ ನನಗೂ ಇಷ್ಟವಿಲ್ಲ. ಕಾಣಿಕೆ ತಟ್ಟೆಗೆ ಕೈಲಾದಷ್ಟು ಹಾಕಿ ಬೆಳೆದವರು ನಾವು, ಸಂಬಳದಲ್ಲೇ ಹಿಡಿದುಕೊಂಡರೆ ಹೊಟ್ಟೆ ಉರಿಯುತ್ತದೆ. ಆದರೂ ಸಹೋದ್ಯೋಗಿಯ ಮಾತು ಕೇಳಿ ಆತುರ ಪಡಬೇಡಿ. ಅವರಿಗೆ ಉಳಿತಾಯ ಮಾತ್ರ ಕಾಣುತ್ತದೆ, ಅಲ್ವಾ?
– ಲೆಕ್ಕಪತ್ರದ ಕೆಲಸದವನು, ಮ್ಯೂನಿಕ್

*

ನರ್ಸ್ ಅಕ್ಕನಂಥವರು 'ಭಾಷೆಗೆ ಹೆದರಬೇಡ' ಅಂತಾರೆ. ನಾನು ಒಪ್ಪುವುದಿಲ್ಲ. ದುಬೈನಲ್ಲಿ 18 ವರ್ಷ ಇದ್ದು ಬಂದವನು ನಾನು. ಊದ್ ಮೆಥಾದ ಸಂತ ಮರಿಯಮ್ಮನ ಚರ್ಚಿನಲ್ಲಿ ಕೊಂಕಣಿ, ಮಲಯಾಳಂ, ಫಿಲಿಪ್ಪೀನಿನವರ ಭಾಷೆ, ಎಲ್ಲದರಲ್ಲೂ ಪೂಜೆ. ಆಗ ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮಗೆ ಶುಕ್ರವಾರದ ಪೂಜೆಯೇ ಭಾನುವಾರದ ಪೂಜೆಯಾಗಿತ್ತು. ಜಾಗ ಸಿಗದೆ ಅಂಗಳದಲ್ಲಿ ನಿಂತು ಬೆವರಿದ್ದೇ ಜಾಸ್ತಿ. ಆದರೆ ಪ್ರಸಂಗ ಅರ್ಥವಾಗುತ್ತಿತ್ತು, ಅದು ದೊಡ್ಡದು. ಒಂಟಿಯಾಗಿದ್ದಾಗ ಅರ್ಥವಾಗದ ಪ್ರಸಂಗ ಕೇಳಿದರೆ ಇನ್ನಷ್ಟು ಒಂಟಿ ಅನಿಸುತ್ತದೆ. ಮೊದಲ ಆರು ತಿಂಗಳು ಇಂಗ್ಲಿಷ್ ಪೂಜೆ ಎಲ್ಲಿದೆ ಅಂತ ಹುಡುಕಿ, ರೈಲಿನಲ್ಲಿ ಒಂದು ಗಂಟೆ ಆದರೂ ಹೋಗಿ.
– ಉಡುಪಿಯಿಂದ ಒಬ್ಬರು

*

ನಾನು ಕಥೋಲಿಕ ಅಲ್ಲ, ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ಧಾರವಾಡದ ಪ್ರೊಟೆಸ್ಟಂಟ್ ಮನೆತನದವನು. ತಂಗೀ, ನೀವು ಎದ್ದು ಬಂದದ್ದು ಓದಿ ಸ್ವಲ್ಪ ಬೇಸರವಾಯಿತು. ಆ ಕಪ್ಪು ನಿಲುವಂಗಿಯವರ ಹಿರೀಕರೇ ನಮ್ಮ ನಾಡಿಗೆ ಬಂದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ, ಆ ಮಿಷನ್ನಿನ ಮೋಗ್ಲಿಂಗ್ ಹುಟ್ಟಿದ್ದು ನಿಮಗೆ ಹತ್ತಿರದ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ನಿಮ್ಮ ಪೂಜೆ ನಿಮಗೆ ಬೇಕು, ಸರಿ. ಆದರೆ ಆ ಮಹಿಳೆಯ ಹತ್ತಿರ ಹೋಗಿ "ಕಥೋಲಿಕ ಚರ್ಚ್ ಎಲ್ಲಿದೆ?" ಅಂತ ಕೇಳಿದ್ದರೆ, ನಾಲ್ಕು ತಿಂಗಳ ಹಿಂದೆಯೇ ದಾರಿ ತೋರಿಸುತ್ತಿದ್ದರು.
– ನಿವೃತ್ತ ಮೇಷ್ಟ್ರು, ಧಾರವಾಡ

*

ಮಗಳೇ, ನಾನು ನಿನ್ನ ಅಮ್ಮನ ಕಡೆಯವಳು. ನನ್ನ ಮಗನೂ ಅದೇ ದೇಶದಲ್ಲಿದ್ದಾನೆ. ನಾನೂ ಪ್ರತಿ ಭಾನುವಾರ ಕೇಳಿ ಕೇಳಿ, ಅವನು ಭಾನುವಾರ ಫೋನ್ ಎತ್ತುವುದನ್ನೇ ಬಿಟ್ಟ. ಒಂದು ದಿನ ಅವನೇ ಮಾಡಿ, "ಅಮ್ಮ, ಮೂರು ತಿಂಗಳಿಂದ ಹೋಗಿಲ್ಲ, ಒಬ್ಬನೇ ಕೂರೋಕೆ ಆಗಲ್ಲ" ಅಂದ. ನಾನು ಬೈಯಲಿಲ್ಲ. ಬೈಯ್ಯಲು ಬಾಯಿಗೆ ಬಂದಿತ್ತು ಅನ್ನು. "ಹಿಂದಿನ ಬೆಂಚಿನಲ್ಲಿ ಕೂರು, ಹೊರಡುವ ಮುಂಚೆ ನನಗೊಂದು ಫೋಟೋ ಕಳಿಸು" ಅಂದೆ ಅಷ್ಟೆ. ನೀನೂ ನಿನ್ನ ಅಮ್ಮನಿಗೆ ನಿಜ ಹೇಳಿಬಿಡು. ಹೂಂ ಅಂದಾಗ ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯಾ?

ಈಗ ಅವನು ಬಾಗಿಲ ಹತ್ತಿರದ ಗಾಜಿನ ಪೆಟ್ಟಿಗೆಯ ಫೋಟೋ ಕಳಿಸುತ್ತಾನೆ. ನನಗೆ ಅದರಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ. 10.30 ಅನ್ನುವುದನ್ನು ಮಾತ್ರ ಓದಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ನಮಗೆ ಆಗ ಮಧ್ಯಾಹ್ನ ಎರಡು, ಚಳಿಗಾಲದಲ್ಲಿ ಮೂರು. ಊಟದ ಪಾತ್ರೆ ತೊಳೆಯುವುದನ್ನು ಅಲ್ಲಿಗೇ ಬಿಟ್ಟು ನಾನೂ ಜಪಸರ ಹಿಡಿದು ಕೂರುತ್ತೇನೆ.
– ಒಬ್ಬ ತಾಯಿ, ಚಿಕ್ಕಮಗಳೂರು