ಎರಡನೇ ಬಾಣಂತನಕ್ಕೆ ಅಮ್ಮ ಯಾವಾಗ ಬರಬೇಕು?

ಹೊರದೇಶದಲ್ಲಿರುವ ಕನ್ನಡಿಗರ ನಮ್ಮ ಗುಂಪಿನಲ್ಲಿ ಯಾರಾದರೂ "ಎರಡನೇ ಮಗು ಬರ್ತಿದೆ" ಅಂತ ಹೇಳಿದ ತಕ್ಷಣ ಎಲ್ಲರೂ ಕೊಡುವ ಸಲಹೆ ಒಂದೇ. ಅಮ್ಮನಿಗೆ ಈಗಲೇ ವೀಸಾ ಮಾಡಿಸಿ, ಹೆರಿಗೆ ಡೇಟ್‌ಗೆ ಎರಡು ವಾರ ಮುಂಚೆ ಕರೆಸಿಕೊಳ್ಳಿ. ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರಿಗೆ ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲ ಹೆರಿಗೆಗೆ ಹಾಗೇ ಮಾಡಿ, ಬೇಡ ಅನ್ನಲ್ಲ. ಎರಡನೇದಕ್ಕೆ ಮಾತ್ರ ಅಮ್ಮ ನಿಧಾನವಾಗಿ ಬರಲಿ. ಪಾಪುಗೆ ಆರೇಳು ವಾರ ಆದ ಮೇಲೆ ಬಂದರೂ ತಡವೇನಲ್ಲ. ಬೈಯುವ ಮುಂಚೆ ಲೆಕ್ಕ ನೋಡಿ.

ಯುರೋಪಿನ ಷೆಂಗೆನ್ ದೇಶಗಳ ವಿಸಿಟ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಅಂದರೆ 13 ವಾರಕ್ಕೆ ಒಂದು ದಿನ ಕಮ್ಮಿ. ಅಮ್ಮ ಎರಡು ವಾರ ಮುಂಚೆ ಬಂದರು, ಪಾಪು ಒಂದು ವಾರ ತಡ ಮಾಡಿತು ಅಂದುಕೊಳ್ಳಿ. ಮೂರು ವಾರ ಕಾಯುವುದರಲ್ಲೇ ಹೋಯಿತು. ಉಳಿದಿದ್ದು ಹತ್ತು ವಾರ. ಇಲ್ಲಿ ಹೆರಿಗೆ ರಜೆ ಒಟ್ಟು 16 ವಾರ. ಆರು ವಾರ ಮುಂಚೆ ರಜೆ ಹಾಕಿದ್ದರೆ ಹೆರಿಗೆ ಆದ ಮೇಲೆ ಸಿಗುವುದೂ ಹತ್ತು ವಾರವೇ. ಹಾಗಾಗಿ ಅಮ್ಮ ವಾಪಸ್ ಹೊರಡುವ ವಾರವೇ ನೀವು ಆಫೀಸಿಗೆ ಹೊರಡಬೇಕು. ರಜೆ ಇರುವಷ್ಟು ದಿನ ಮನೆ ತುಂಬ ಜನ, ರಜೆ ಮುಗಿದ ದಿನ ಯಾರೂ ಇಲ್ಲ. ಇದು ಯಾವ ಲೆಕ್ಕ ಹೇಳಿ?

ಹಾಗಾದರೆ ಮೊದಲ ವಾರ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತೀರಿ. ಈ ದೇಶದಲ್ಲಿ ಕ್ರಾಮ್‌ಜೋರ್ಗ್ ಅಂತ ಒಂದು ಏರ್ಪಾಡಿದೆ, ಬಾಣಂತಿ ಮತ್ತು ಪಾಪುವನ್ನು ನೋಡಿಕೊಳ್ಳಲು ತರಬೇತಾದ ಸಹಾಯಕಿ ಮನೆಗೇ ಬರುತ್ತಾರೆ. ಹೊಸದಾಗಿ ಬಂದ ನಮ್ಮ ಜನ ಅದನ್ನು "ಯಾರೋ ನರ್ಸ್ ಬಂದು ಹೋಗ್ತಾರಂತೆ" ಅಂತ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಂದು ಹೋಗುವುದಲ್ಲ, ದಿನಕ್ಕೆ ಐದಾರು ಗಂಟೆ ಮನೆಯಲ್ಲೇ ಇರುತ್ತಾರೆ. ಸಾಮಾನ್ಯವಾಗಿ ಎಂಟು ದಿನಕ್ಕೆ ಸೇರಿ 49 ಗಂಟೆ. ಕಮ್ಮಿ ಅಂದರೆ 24, ಕಷ್ಟದ ಹೆರಿಗೆಯಾದರೆ 80ರವರೆಗೂ ಹೋಗುತ್ತದೆ. ದುಡ್ಡು ಬೇಸಿಕ್ ಇನ್ಶೂರೆನ್ಸ್‌ನಲ್ಲೇ ಬರುತ್ತದೆ, ನಾವು ಕೈಯಿಂದ ಹಾಕುವುದು ಗಂಟೆಗೆ ಐದಾರು ಯೂರೋ. ನಿಮ್ಮ ಹೊಲಿಗೆ ನೋಡುತ್ತಾರೆ, ಪಾಪು ತೂಕ ನೋಡುತ್ತಾರೆ, ಹಾಲು ಕುಡಿಸುವುದು ಸರಿಯಾಗಿ ಆಗುತ್ತಿದೆಯಾ ಅಂತ ಪಕ್ಕದಲ್ಲೇ ಕೂತು ಹೇಳಿಕೊಡುತ್ತಾರೆ. ಬಚ್ಚಲು ತೊಳೆಯುತ್ತಾರೆ, ವಾಷಿಂಗ್ ಮಷೀನ್‌ಗೆ ಬಟ್ಟೆ ಹಾಕುತ್ತಾರೆ. ದೊಡ್ಡ ಮಗುವನ್ನೂ ನೋಡಿಕೊಳ್ಳುತ್ತಾರೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಒಂದೇ ಎಚ್ಚರಿಕೆ: ಜನ ಸಿಗುವುದು ಕಷ್ಟ ಆಗಿದೆ. ಮೊದಲ ಸ್ಕ್ಯಾನ್ ಆದ ಕೂಡಲೇ ಹೆಸರು ಬರೆಸಿ. ಮಂಚ ಎತ್ತರಿಸಲು ಕಾಲಿನ ಕೆಳಗಿಡುವ ಕಟ್ಟೆಗಳನ್ನೂ ಬಾಡಿಗೆಗೆ ತಂದಿಡಿ. ಹಾಸಿಗೆ 70-80 ಸೆಂಟಿಮೀಟರ್ ಎತ್ತರ ಇರಲೇಬೇಕು, ಬಗ್ಗಿ ಬಗ್ಗಿ ಅವರ ಸೊಂಟ ಹೋಗಬಾರದಲ್ಲ.

ಜೊತೆಗೆ ಅಪ್ಪನ ರಜೆ. ಒಂದು ವಾರ ಪೂರ್ತಿ ಸಂಬಳದ ರಜೆ, ಅದನ್ನು ಹೆರಿಗೆಯಾದ ನಾಲ್ಕು ವಾರದೊಳಗೆ ತೆಗೆದುಕೊಳ್ಳಬೇಕು. 2020ರ ಜುಲೈನಿಂದ ಇನ್ನೂ ಐದು ವಾರ ಶೇ. 70 ಸಂಬಳದಲ್ಲಿ ಸಿಗುತ್ತದೆ, ಆರು ತಿಂಗಳೊಳಗೆ. 2022ರ ಆಗಸ್ಟ್‌ನಿಂದ ಅಪ್ಪ ಅಮ್ಮ ಇಬ್ಬರಿಗೂ ಮೊದಲ ವರ್ಷದಲ್ಲಿ ಒಂಬತ್ತು ವಾರ, ಅದೂ ಶೇ. 70. ಸಂಬಳ ಜಾಸ್ತಿ ಇರುವವರಿಗೆ ಇದರಲ್ಲಿ ಒಂದು ಮಿತಿ ಇದೆ, ಮೊದಲೇ ಎಚ್‌ಆರ್ ಹತ್ತಿರ ಕೇಳಿಕೊಳ್ಳಿ. "ಪ್ರಾಜೆಕ್ಟ್ ಇದೆ, ಆಮೇಲೆ ನೋಡ್ತೀನಿ" ಅನ್ನುವ ಗಂಡಂದಿರು ನಮ್ಮಲ್ಲೇ ಜಾಸ್ತಿ. ಡಚ್ ಮ್ಯಾನೇಜರ್‌ಗಳಿಗೆ ಇದು ತೀರಾ ಮಾಮೂಲಿ ವಿಷಯ. ರಜೆ ಕೇಳದಿದ್ದರೇ ವಿಚಿತ್ರವಾಗಿ ನೋಡುತ್ತಾರೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು. ಕ್ರಾಮ್‌ಜೋರ್ಗ್ ಆಂಟಿ ಮತ್ತು ನಮ್ಮ ಅಮ್ಮ ಒಂದೇ ವಾರ ಒಂದೇ ಮನೆಯಲ್ಲಿದ್ದರೆ ನಡುವೆ ಸಿಕ್ಕಿಕೊಳ್ಳುವವಳು ಬಾಣಂತಿ. ಅಮ್ಮ ಊರಿಂದ ಸಾಸಿವೆ ದಿಂಬು ತಂದಿರುತ್ತಾರೆ, ತಲೆ ದುಂಡಗೆ ಆಗಲಿ ಅಂತ. ಆಂಟಿ ಬಂದವರೇ ತೊಟ್ಟಿಲಿನಿಂದ ದಿಂಬು ತೆಗೆದು ಕಪಾಟಿನ ಮೇಲಿಡುತ್ತಾರೆ. ಇಲ್ಲಿ ಪಾಪುವನ್ನು ಅಂಗಾತ ಮಲಗಿಸಬೇಕು, ದಿಂಬು ಇಲ್ಲ, ದಪ್ಪ ರಜಾಯಿ ಇಲ್ಲ, ಪಾದ ತೊಟ್ಟಿಲಿನ ಕೆಳತುದಿಗೆ ತಾಗುವ ಹಾಗೆ. ಮಲಗುವಾಗ ಕುಲಾವಿಯೂ ಬೇಡ. ಅಮ್ಮನಿಗೆ ಕಿವಿ ಮುಚ್ಚದ ಮಗು ನೋಡಿದರೆ ಸಂಕಟ. ಆಂಟಿ ಕಿಟಕಿ ಬೇರೆ ತೆಗೆದಿಡುತ್ತಾರೆ! ಇಬ್ಬರಿಗೂ ಒಪ್ಪಿಗೆ ಆಗುವುದು ಒಂದೇ ವಿಷಯ: ತೊಟ್ಟಿಲು ಬೆಚ್ಚಗಿಡಲು ಬಟ್ಟೆ ಸುತ್ತಿ ಇಡುವ ಬಿಸಿನೀರಿನ ಲೋಹದ ಬಾಟಲಿ.

ಯಾರ ಮಾತು ಕೇಳಬೇಕು ಅಂದರೆ, ನಿದ್ದೆಯ ವಿಷಯದಲ್ಲಿ ಆಂಟಿ ಮಾತು, ಊಟದ ವಿಷಯದಲ್ಲಿ ಅಮ್ಮನ ಮಾತು. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಇದಕ್ಕೆಲ್ಲ ಇಲ್ಲಿ ಯಾರೂ ಅಡ್ಡ ಬರುವುದಿಲ್ಲ. ಹಾಲು ಚೆನ್ನಾಗಿ ಬರಲಿ ಅಂತ ಇವರೂ ಮಗು ಹುಟ್ಟಿದ ಮನೆಯಲ್ಲಿ ಒಣ ರಸ್ಕ್ ಮೇಲೆ ಬೆಣ್ಣೆ ಸವರಿ, ಸಕ್ಕರೆ ಹಚ್ಚಿದ ಸೋಂಪಿನ ಜಾತಿಯ ಕಾಳು ಉದುರಿಸಿ ತಿನ್ನುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹೆಣ್ಣಾದರೆ ಗುಲಾಬಿ, ಗಂಡಾದರೆ ನೀಲಿ. ಕಾಡಿಗೆ ಮಾತ್ರ ಕಣ್ಣಿಗೆ ಬೇಡ, ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಬೇಕೇಬೇಕು ಅಂದರೆ ಅಂಗಾಲಿಗೆ ಇಡಿ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ಸೋಕಿಸಬೇಡಿ. ಸಾಂಬ್ರಾಣಿ ಹಾಕುವವರಿಗೆ ಒಂದು ಮಾತು. 2022ರ ಜುಲೈನಿಂದ ಇಲ್ಲಿ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಕಡ್ಡಾಯ. ಆ ಶಬ್ದಕ್ಕೆ ಆಗತಾನೇ ಮಲಗಿದ ಪಾಪು, ದೊಡ್ಡ ಮಗು, ಪಕ್ಕದ ಮನೆಯವರು ಎಲ್ಲರೂ ಏಳುತ್ತಾರೆ.

ನಾಮಕರಣದ ಗೊಂದಲ ಇನ್ನೊಂದು. ಮಗು ಹುಟ್ಟಿದ ಮೂರು ದಿನದೊಳಗೆ ಖೆಮೇಂಟೆ (ಅಂದರೆ ಇಲ್ಲಿನ ನಗರಸಭೆ) ಆಫೀಸಿನಲ್ಲಿ ಹೆಸರು ಬರೆಸಬೇಕು. ನಮ್ಮಲ್ಲಿ ಹನ್ನೊಂದನೇ ದಿನದ ತನಕ ಹೆಸರು ಹೇಳುವ ಹಾಗೇ ಇಲ್ಲ. ಹಾಗಾಗಿ ಪಾಪುಗೆ ತೊಟ್ಟಿಲಿಗಿಂತ ಮುಂಚೆ ಸರ್ಕಾರದ ಹೆಸರು ಬಂದಿರುತ್ತದೆ. ನಕ್ಷತ್ರದ ಅಕ್ಷರ ಬೇಕು ಅನ್ನುವವರು ಹುಟ್ಟಿದ ಸಮಯವನ್ನು ಅದೇ ದಿನ ಊರಿನ ಭಟ್ಟರಿಗೆ ಕಳಿಸಿಬಿಡಿ. ಜೊತೆಗೆ ಹುಟ್ಟಿದ ಊರು ಮತ್ತು "ಇಲ್ಲಿನ ಗಂಟೆ" ಅಂತ ಸ್ಪಷ್ಟವಾಗಿ ಬರೆಯಿರಿ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ ಇದೆ, ಸುಮ್ನೆ ನಕ್ಷತ್ರವೇ ಬದಲಾಗಿ ಕೂರುತ್ತದೆ.

ಈಗ ಮುಖ್ಯ ವಿಷಯ. ಎರಡನೇ ಮಗು ಬಂದಾಗ ಪಾಪುದೇನೂ ಅಂಥ ಸಮಸ್ಯೆ ಅಲ್ಲ. ಹಾಲು, ನಿದ್ದೆ, ಡೈಪರ್ ಅಷ್ಟೇ, ನಿಮಗೆ ಮೊದಲೇ ಅಭ್ಯಾಸ ಇದೆ. ಕಷ್ಟ ದೊಡ್ಡದರದು. ನಮ್ಮ ದೊಡ್ಡವಳಿಗೆ ಆಗ ನಾಲ್ಕು ವರ್ಷ. ಇಲ್ಲಿ ಮಕ್ಕಳು ನಾಲ್ಕನೇ ಹುಟ್ಟುಹಬ್ಬ ಆದ ಕೂಡಲೇ ಶಾಲೆಗೆ ಹೋಗುತ್ತಾರೆ. ಅಂದರೆ ಹೊಸ ಶಾಲೆ, ಹೊಸ ಭಾಷೆ, ಹೊಸ ಪಾಪು, ಮೂರೂ ಒಟ್ಟಿಗೆ. ಒಂದೂವರೆ ವರ್ಷದಿಂದ ಚಡ್ಡಿ ಒದ್ದೆ ಮಾಡದವಳು ಮತ್ತೆ ಶುರು ಮಾಡಿದಳು. ತಾನೇ ಊಟ ಮಾಡುತ್ತಿದ್ದವಳು "ನೀನೇ ತಿನಿಸು" ಅಂತ ಬಾಯಿ ತೆರೆದು ಕೂರುತ್ತಿದ್ದಳು. ಬೈದರೆ ಜಾಸ್ತಿ ಆಗುತ್ತದೆ. ತಿನಿಸಿಬಿಡಿ, ಏನು ಗಂಟು ಹೋಗುತ್ತದೆ?

ಕ್ರಾಮ್‌ಜೋರ್ಗ್ ಆಂಟಿ ಒಂದು ಕೆಲಸ ಮಾಡಿದರು. ಪಾಪು ಎಷ್ಟು ಸಲ ಸುಸ್ಸು ಮಾಡಿತು, ಎಷ್ಟು ಹಾಲು ಕುಡಿಯಿತು, ಜ್ವರ ಎಷ್ಟು ಅಂತ ಬರೆಯುವ ಒಂದು ಪುಸ್ತಕ ಇರುತ್ತದೆ. ಅದರ ಅಂಚಿನಲ್ಲಿ ಪ್ರತಿ ಒದ್ದೆ ಡೈಪರ್‌ಗೂ ಒಂದು ಹನಿ ಬಿಡಿಸುವ ಕೆಲಸ ದೊಡ್ಡವಳಿಗೆ ಕೊಟ್ಟರು, ನೀಲಿ ಪೆನ್ಸಿಲ್ ಸಮೇತ. ಮರುದಿನದಿಂದ ಅವಳಿಗೆ ಅದೇ ಆಫೀಸು. ಡೈಪರ್ ಬಿಚ್ಚುವ ಸದ್ದು ಕೇಳಿದರೆ ಆಟ ಬಿಟ್ಟು ಓಡಿ ಬರುವಳು. "ಅಮ್ಮ, ಇದು ಒದ್ದೆನಾ ಇಲ್ಲ ಬರೀ ಬೆಚ್ಚಗಿದೆಯಾ?" ಅಂತ ಕೈಯಿಟ್ಟು ನೋಡಿಯೇ ಬರೆಯುವುದು. ಹುಟ್ಟಿದ ತೂಕಕ್ಕೆ ಪಾಪು ವಾಪಸ್ ಬಂದ ದಿನ ಹೂ ಬಿಡಿಸಿದ್ದಳು. ಮಿಡ್‌ವೈಫ್ ಅದಕ್ಕೆ ಸಹಿ ಹಾಕಿ ಕೊಟ್ಟರು. ನಾವು ಊರಲ್ಲಿ ಸಾಮಾನ್ಯವಾಗಿ "ನೀನು ದೊಡ್ಡವಳು, ಮುಟ್ಟಬೇಡ, ಪಾಪು ಎದ್ದೇಳುತ್ತೆ" ಅನ್ನುತ್ತೇವೆ. ದೊಡ್ಡವಳು ಅಂತ ಹೇಳಿ ಕೈಗೆ ಕೆಲಸ ಕೊಡದಿದ್ದರೆ ಆ ಪಟ್ಟ ಇಟ್ಟುಕೊಂಡು ಅವಳೇನು ಮಾಡಬೇಕು?

ಅಮ್ಮ ಆರೇಳು ವಾರದ ಮೇಲೆ ಬರಲಿ ಅನ್ನುವುದು ಇದಕ್ಕೇ. ಅಷ್ಟರಲ್ಲಿ ಮನೆಗೆ ಬಂದು ನೋಡುವವರ ಸಂಭ್ರಮ ಮುಗಿದಿರುತ್ತದೆ, ಅಪ್ಪ ಆಫೀಸಿಗೆ ಹೋಗಲು ಶುರು ಮಾಡಿರುತ್ತಾನೆ. ಶಾಲೆ ಬಿಡುವ ಹೊತ್ತಿಗೇ ಪಾಪುಗೆ ಹಸಿವು, ಹೊರಗೆ ಅಡ್ಡಮಳೆ. ಬುಧವಾರ ಎಷ್ಟೋ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ. ಆಗ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಅಳಿಯನ ಹಳೇ ರೇನ್‌ಕೋಟ್ ಹಾಕಿಕೊಂಡು ಅಜ್ಜಿ ಶಾಲೆ ಗೇಟಿನಲ್ಲಿ ನಿಂತರೆ ಆ ಮಗುವಿನ ಮುಖ ನೋಡಬೇಕು. ಟೀಚರ್‌ಗೆ ಮುಂಚೆಯೇ "ಇನ್ಮೇಲೆ ಅಜ್ಜಿ ಬರುತ್ತಾರೆ" ಅಂತ ಹೇಳಿ ಪರಿಚಯ ಮಾಡಿಸಿ, ಇಲ್ಲದಿದ್ದರೆ ಮಗುವನ್ನು ಕಳಿಸುವುದಿಲ್ಲ. ದಾರಿಯುದ್ದಕ್ಕೂ ಅಜ್ಜಿ ಮೊಮ್ಮಗಳು ಕನ್ನಡದಲ್ಲಿ ಹರಟೆ. ಅಜ್ಜಿಗೆ ಡಚ್ ಬರಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ದೊಡ್ಡ ಮಕ್ಕಳು ಶಾಲೆಯ ಭಾಷೆಯನ್ನು ಮನೆಗೆ ತಂದು ಚಿಕ್ಕವರಿಗೆ ಅದನ್ನೇ ಅಂಟಿಸುತ್ತಾರೆ ಅಂತ ಇಲ್ಲಿ ಎಲ್ಲರ ದೂರು ಇದ್ದೇ ಇದೆ. ನಾನು ನಮ್ಮವಳಿಗೆ "ಪಾಪುಗೆ ಕನ್ನಡ ಒಂದೇ ಬರೋದು, ನೀನೇ ಕಲಿಸಬೇಕು" ಅಂತ ಹೇಳಿದ್ದೆ. ಅಜ್ಜಿ ಇದ್ದಷ್ಟು ದಿನ ಅದನ್ನು ಪೂರ್ತಿ ನಂಬಿದ್ದಳು.

ಇನ್ನೊಂದು ಲಾಭ. ಪಾಪು ಆಗ ನಗುವ ಹಂತಕ್ಕೆ ಬಂದಿರುತ್ತದೆ, ಅಜ್ಜಿ ಇರುವಾಗಲೇ ಕತ್ತು ನಿಲ್ಲಿಸಲು ಕಲಿಯುತ್ತದೆ. ಅಜ್ಜಿಗೂ ಖುಷಿ. ಎಣ್ಣೆ ನೀರು ಹಾಕಲು ನಿಮಗೂ ಕೂರುವ ಶಕ್ತಿ ಬಂದಿರುತ್ತದೆ. ಹೊರಡುವ ಮುಂಚೆ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿ ಸರಿ ಹಿಟ್ಟು ಮಾಡಿಟ್ಟು ಹೋಗುತ್ತಾರೆ. ಆಗ ಪಾಪುಗೆ ಊಟ ಶುರುವಾಗುವ ಸಮಯ ಹತ್ತಿರ ಬಂದಿರುತ್ತದೆ. ಹುಟ್ಟಿದ ವಾರವೇ ತಂದ ಹಿಟ್ಟು ಅಷ್ಟೊತ್ತಿಗೆ ಹುಳು ಹಿಡಿದಿರುತ್ತದೆ.

ಎಲ್ಲರಿಗೂ ಇದೇ ಸರಿ ಅನ್ನುತ್ತಿಲ್ಲ. ಸಿಸೇರಿಯನ್ ಗೊತ್ತಾಗಿದ್ದರೆ, ಅವಳಿ ಅಂತ ಗೊತ್ತಿದ್ದರೆ, ಗಂಡನಿಗೆ ನಿಜವಾಗಲೂ ರಜೆ ಸಿಗದ ಕೆಲಸವಾಗಿದ್ದರೆ, ಮೊದಲ ಬಾಣಂತನದಲ್ಲಿ ಮನಸ್ಸು ತುಂಬಾ ಕುಗ್ಗಿದ್ದರೆ ಅಮ್ಮ ಮೊದಲ ದಿನವೇ ಇರಲಿ. ಹೆರಿಗೆ ನೋವು ಬಂದ ರಾತ್ರಿ ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು ಅನ್ನುವುದು ಇನ್ನೊಂದು ಪ್ರಶ್ನೆ. ಅದಕ್ಕೆ ಅಮ್ಮ ಬೇಕಿಲ್ಲ, ಸೈಕಲ್ ದೂರದಲ್ಲಿರುವ ಇಬ್ಬರು ಗೆಳತಿಯರು ಸಾಕು. ಒಬ್ಬರು ರಜೆಗೆ ಹೋಗಿದ್ದರೆ ಇನ್ನೊಬ್ಬರು. ಒಂದೆರಡು ರಾತ್ರಿ ಮೊದಲೇ ಅವರ ಮನೆಯಲ್ಲಿ ಮಲಗಿಸಿ ರೂಢಿ ಮಾಡಿಸಿ.

ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಸ್ಪಾನ್ಸರ್ ಫಾರ್ಮ್‌ಗೆ ಖೆಮೇಂಟೆಯಲ್ಲಿ ಸೀಲ್ ಹಾಕಿಸಿ ಒರಿಜಿನಲ್ ಅನ್ನೇ ಊರಿಗೆ ಕಳಿಸಿ, ಕನಿಷ್ಠ 30,000 ಯೂರೋ ಟ್ರಾವೆಲ್ ಇನ್ಶೂರೆನ್ಸ್ ಇರಲಿ. ಪಾಪುವಿನ ಜನನವನ್ನು ಹೇಗ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ವರ್ಷದೊಳಗೆ ನೋಂದಾಯಿಸಬೇಕು, ಆಮೇಲೆ ಪಾಸ್‌ಪೋರ್ಟ್. ಇಲ್ಲಿ ಹುಟ್ಟಿದ ಮಾತ್ರಕ್ಕೆ ಡಚ್ ಪೌರತ್ವ ಬರುವುದಿಲ್ಲ, ವಾಸದ ಪರವಾನಗಿಗೆ ಬೇರೆ ಅರ್ಜಿ ಹಾಕಬೇಕು.

ಪಾಪು ತೂಕದ ಗ್ರಾಫ್ ಬಗ್ಗೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಡಚ್ ಮಕ್ಕಳ ಗ್ರಾಫ್‌ನಲ್ಲಿ ನಮ್ಮ ಮಕ್ಕಳು ಕೆಳಗಿನ ಗೆರೆಯಲ್ಲೇ ಇರುವುದು ಮಾಮೂಲು. ಹಳೇ ಡಚ್ ವಸಾಹತು ಸುರಿನಾಮ್‌ನಿಂದ ಬಂದ, ಭಾರತ ಮೂಲದ ಹಿಂದೂಸ್ತಾನಿ ಮಕ್ಕಳಿಗೆ ಅಂತ ಇಲ್ಲಿ ಬೇರೆ ಗ್ರಾಫ್ ಇದೆ. ಶಿಶು ಕೇಂದ್ರದಲ್ಲಿ ಅದನ್ನು ತೆಗೆದು ನೋಡಿ ಅಂತ ಕೇಳಿ. ವಿಟಮಿನ್ ಡಿ ಹನಿ ಮಾತ್ರ ನಾಲ್ಕು ವರ್ಷದವರೆಗೂ ಬಿಡಬೇಡಿ, ದಿನಕ್ಕೆ 10 ಮೈಕ್ರೋಗ್ರಾಂ, ದೊಡ್ಡದಕ್ಕೂ ಚಿಕ್ಕದಕ್ಕೂ.

ಅಮ್ಮ ಬರುವಾಗ ತುಪ್ಪ ತರಬೇಡಿ ಅಂತ ಹೇಳಿ. ಹೊರದೇಶದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಸ್ಕಿಪೋಲ್ ಏರ್‌ಪೋರ್ಟ್‌ನಲ್ಲಿ ತೆಗೆದು ಎಸೆಯುತ್ತಾರೆ. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಚೆನ್ನಾಗೇ ಆಗುತ್ತದೆ. ಸಬ್ಬಸಿಗೆ ಸೊಪ್ಪು ಯಾವ ಸೂಪರ್‌ಮಾರ್ಕೆಟ್‌ನಲ್ಲಾದರೂ ಸಿಗುತ್ತದೆ, ಮೆಂತ್ಯ ಸೊಪ್ಪು, ನುಗ್ಗೆಕಾಯಿಗೆ ಸುರಿನಾಮ್‌ನವರ ಅಂಗಡಿಗೆ ಹೋಗಿ. ಮೆಟ್ಟಿಲಿಗೆ ಹಾಕುವ ಗೇಟ್ ನಮ್ಮ ಮನೆಯಲ್ಲಿ ಒಂದು ಸುಮ್ನೆ ಬಿದ್ದಿದೆ. ಆಮ್ಸ್ಟೆಲ್‌ವೇನ್ ಹತ್ತಿರ ಇರುವವರು ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ.