ಸ್ಟಾರ್‌ಫೈಂಡರ್‌ನಲ್ಲಿ ಅಡಗಿ ಕೊಲ್ಲುವ ಪಾತ್ರ: ಒಂದೇ ಏಟಿಗೆ ಯಾಕೆ ಯಾರೂ ಸಾಯುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸ್ಟಾರ್‌ಫೈಂಡರ್ ಆಡುತ್ತಿದ್ದೇವೆ, ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಅಂತರಿಕ್ಷದ ಪಾತ್ರಾಭಿನಯ ಆಟ, 2017ರಲ್ಲಿ ಬಂದ ಮೊದಲ ಆವೃತ್ತಿ. ನನ್ನದು ಯಸೋಕಿ (ಇಲಿಯಂಥ ಜನಾಂಗ) ಆಪರೇಟಿವ್ (ಚುರುಕು, ತಂತ್ರ ನಂಬಿದ ವರ್ಗ), ಅದರಲ್ಲಿ ಅಡಗುವುದಕ್ಕೆ ಹೇಳಿದ ಘೋಸ್ಟ್ ಸ್ಪೆಷಲೈಸೇಷನ್, ಇನ್ನೂ ಮೊದಲ ಲೆವೆಲ್. ಸದ್ದಿಲ್ಲದೆ ಹೋಗಿ ಕೆಲಸ ಮುಗಿಸಿ ಬರುವ ಹಂತಕನನ್ನು ಆಡಬೇಕು ಅಂತ ತುಂಬಾ ದಿನದ ಆಸೆ.

ಆದರೆ ಆಟದಲ್ಲಿ ಆಗುತ್ತಿರುವುದೇ ಬೇರೆ. ಕಳೆದ ಸಲ ಒಬ್ಬನೇ ಗೋದಾಮಿನೊಳಗೆ ನುಗ್ಗಿ, ಪೆಟ್ಟಿಗೆಗಳ ಹಿಂದೆ ಅಡಗಿ, ಕಾವಲುಗಾರನ ಬೆನ್ನಿಗೆ ಲೇಸರ್ ಪಿಸ್ತೂಲಿನಿಂದ ಹೊಡೆದೆ. ಗುರಿ ತಪ್ಪಲಿಲ್ಲ. ಅವನು ಸಾಯಲೂ ಇಲ್ಲ. ತಿರುಗಿ ನೋಡಿದ, ಕೂಗಿದ, ನಾಲ್ಕು ಜನ ಓಡಿ ಬಂದರು, ನಾನು ಬಿದ್ದೆ. ಅಷ್ಟು ಹೊತ್ತೂ ಉಳಿದ ಮೂವರು ಸುಮ್ನೆ ಕೂತು ನೋಡುತ್ತಿದ್ದರು, ಅದಕ್ಕೇ ನನಗೆ ಜಾಸ್ತಿ ಬೇಜಾರು. ಪಾತ್ರ ಕಟ್ಟಿದ್ದೇ ತಪ್ಪಾ, ಆಡುವ ರೀತಿ ತಪ್ಪಾ? ಇನ್ನೊಂದು, ಪ್ರತಿ ಸಲ ಅಡಗಿದ ಮೇಲೇನೇ ಟ್ರಿಕ್ ಅಟ್ಯಾಕ್ (ಎದುರಾಳಿಯನ್ನು ಯಾಮಾರಿಸಿ ಹೆಚ್ಚು ಡ್ಯಾಮೇಜ್ ಮಾಡುವ ಆಪರೇಟಿವ್‌ನ ಏಟು) ಮಾಡಬೇಕಾ?

ಮೊದಲ ಉತ್ತರ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಅಲ್ಲೇ. ಟ್ರಿಕ್ ಅಟ್ಯಾಕ್‌ಗೆ ಅಡಗಿರಲೇಬೇಕು ಅಂತ ಇಲ್ಲ. ಅದೊಂದು ಫುಲ್ ಆಕ್ಷನ್, ಅಂದರೆ ನಿನ್ನ ಇಡೀ ಸರದಿ ಅದಕ್ಕೇ ಹೋಗುತ್ತದೆ. ನಿನ್ನ ವೇಗದಷ್ಟು ದೂರ ಓಡಬಹುದು, ಆಮೇಲೆ ಬ್ಲಫ್ (ಮೋಸ), ಇಂಟಿಮಿಡೇಟ್ (ಬೆದರಿಕೆ) ಇಲ್ಲಾ ಸ್ಟೆಲ್ತ್ (ಅಡಗುವಿಕೆ) ಕೌಶಲಕ್ಕೆ ಇಪ್ಪತ್ತು ಮುಖದ ದಾಳ ಹಾಕಬೇಕು. 20ಕ್ಕೆ ಎದುರಾಳಿಯ ಸಿಆರ್ (ಅವನು ಎಷ್ಟು ಗಟ್ಟಿ ಅನ್ನುವ ಅಂಕ) ಕೂಡಿಸಿದರೆ ಎಷ್ಟೋ ಅಷ್ಟು ಬಂದರೆ ಸಾಕು, ಅವನು ನಿನ್ನನ್ನೇ ದಿಟ್ಟಿಸಿ ನೋಡುತ್ತಿದ್ದರೂ ತಂತ್ರ ನಡೆಯುತ್ತದೆ. ಘೋಸ್ಟ್ ಆದ್ದರಿಂದ ನಿನಗೆ ಸ್ಟೆಲ್ತ್ ದಾಳಕ್ಕೆ ಇನ್ನೂ 4 ಸೇರುತ್ತದೆ. ಡೆಕ್ಸ್ (ಚುರುಕುತನದ ಅಂಕ) 18 ಇರುವ ಯಸೋಕಿಗೆ ಸ್ಕಿಲ್ ಫೋಕಸ್ (ಒಂದು ಕೌಶಲಕ್ಕೆ ಸಿಗುವ ಹೆಚ್ಚುವರಿ ಅಂಕ) ಎಲ್ಲ ಸೇರಿ ಮೊದಲ ಲೆವೆಲ್‌ನಲ್ಲೇ ಒಟ್ಟು 17 ಆಗುತ್ತದೆ. ಅಂದರೆ ಸಿಆರ್ 1ರವನ ಮೇಲೆ ದಾಳದಲ್ಲಿ 4 ಬಿದ್ದರೆ ಆಯ್ತು. ಏಳನೇ ಲೆವೆಲ್‌ಗೆ ಬಂದ ಮೇಲೆ ದಾಳವನ್ನೇ ಹಾಕದೆ 10 ತೆಗೆದುಕೊಳ್ಳಬಹುದು.

ಈಗ ಡ್ಯಾಮೇಜ್. ಅಜಿಮತ್ ಲೇಸರ್ ಪಿಸ್ತೂಲು 1ಡಿ4 (ನಾಲ್ಕು ಮುಖದ ಒಂದು ದಾಳ), ಮೊದಲ ಲೆವೆಲ್‌ನಲ್ಲಿ ಟ್ರಿಕ್‌ನದು ಇನ್ನೊಂದು 1ಡಿ4. ಎರಡೂ ಪೂರ್ತಿ ಬಿದ್ದರೂ 8. ಸಿಆರ್ 1ರ ಹೋರಾಟಗಾರನಿಗೆ ಸಾಮಾನ್ಯವಾಗಿ 20 ಎಚ್‌ಪಿ (ಪ್ರಾಣದ ಅಂಕ) ಇರುತ್ತದೆ. ಅವನು ಸಾಯದೆ ಉಳಿದದ್ದಕ್ಕೆ ಇಷ್ಟೇ ಕಾರಣ, ನಿನ್ನ ತಪ್ಪೇನೂ ಇಲ್ಲ. ಮೂರನೇ ಲೆವೆಲ್‌ಗೆ ಟ್ರಿಕ್ 1ಡಿ8 ಆಗುತ್ತದೆ, ಐದಕ್ಕೆ 3ಡಿ8, ಅಲ್ಲಿಂದ ಏಟಿಗೆ ತೂಕ ಬರುತ್ತದೆ. ಆದರೂ ಒಂದೇ ಗುಂಡಿಗೆ ಕಥೆ ಮುಗಿಸುವ ಆಟ ಇದಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಪಾತ್ರ ಕಟ್ಟು.

ಓಟ ಮೊದಲು, ಏಟು ಆಮೇಲೆ. ಹೊಡೆದ ಮೇಲೆ ಓಡಿ ಹೋಗಿ ಮರೆ ಸೇರಲು ಆಗುವುದಿಲ್ಲ, ಹಾಗಾಗಿ ಓಟ ಮುಗಿಯುವ ಜಾಗವೇ ಮರೆಯಾಗಿರಲಿ. ಕಂಬ, ಬಾಗಿಲಿನ ಪಕ್ಕ, ಮಗುಚಿದ ಮೇಜು, ಏನಾದರೂ.

ಎರಡನೇ ಉತ್ತರ

ಮೇಲಿನವರು ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನು ಜಿಎಂ (ಆಟ ನಡೆಸುವವನು) ಆಗಿ ಇಂಥ ಪಾತ್ರಗಳನ್ನು ತುಂಬಾ ನೋಡಿದ್ದೇನೆ, ಆ ಕಡೆಯಿಂದ ಹೇಳುತ್ತೇನೆ. ಉಳಿದ ಮೂವರು ಸುಮ್ನೆ ಕೂತಿದ್ದರು ಅಂದೆಯಲ್ಲ, ಸರಿಪಡಿಸಬೇಕಾದ್ದು ಅದನ್ನೇ. ಗುಟ್ಟಾಗಿ ಒಳಗೆ ಹೋಗುವುದನ್ನು ಒಬ್ಬನ ಕೆಲಸ ಅಂದುಕೊಳ್ಳಬೇಡ, ಇಡೀ ಗುಂಪಿನ ಕೆಲಸ ಮಾಡು. ಈ ಆಟದಲ್ಲಿ ಪ್ರತಿ ರಕ್ಷಾಕವಚದಲ್ಲೂ ಕಾಮ್ ಯೂನಿಟ್ (ದೂರದಿಂದ ಮಾತಾಡುವ ಸಾಧನ) ಇರುತ್ತದೆ. ನೀನು ಒಳಗೆ ನಡೆಯುತ್ತಾ ಕಂಡದ್ದನ್ನು ಪಿಸುಗುಟ್ಟು, ಮೆಕ್ಯಾನಿಕ್ ಹೊರಗಿನಿಂದ ಬಾಗಿಲಿನ ಕಂಪ್ಯೂಟರ್ ಹ್ಯಾಕ್ ಮಾಡಲಿ, ಎನ್ವಾಯ್ (ಮಾತಿನಲ್ಲಿ ಚತುರ ವರ್ಗ) ಮುಂದಿನ ಬಾಗಿಲಲ್ಲಿ ನಿಂತು ಕಾವಲುಗಾರರನ್ನು ಮಾತಿಗೆ ಎಳೆಯಲಿ. ಗುಂಪಿನಲ್ಲಿ ಟೆಕ್ನೊಮ್ಯಾನ್ಸರ್ (ಮಂತ್ರ ಹಾಕುವ ವರ್ಗ) ಇದ್ದರೆ ನಾಲ್ಕನೇ ಲೆವೆಲ್‌ನಿಂದ ನಿನ್ನನ್ನು ಅದೃಶ್ಯ ಮಾಡುವ ಮಂತ್ರ ಹಾಕಬಹುದು: ನಿಂತಲ್ಲೇ ಇದ್ದರೆ ಸ್ಟೆಲ್ತ್‌ಗೆ 40, ನಡೆಯುತ್ತಿದ್ದರೆ 20 ಸೇರುತ್ತದೆ. ಏಟು ಹಾಕಿದ ಕ್ಷಣ ಮಂತ್ರ ಮುಗಿಯುತ್ತದೆ. ಆ ಒಂದು ಏಟು ಯಾವಾಗ ಅಂತ ನಾಲ್ವರೂ ಕೂತು ಮಾತಾಡುವಾಗ ಬರುವ ಖುಷಿ ಇದೆಯಲ್ಲ, ನನಗೆ ಇಡೀ ಆಟದಲ್ಲಿ ಇಷ್ಟವಾಗುವುದೇ ಅದು.

ಕಾಮ್ ಯೂನಿಟ್ ಶತ್ರುಗಳ ಹತ್ತಿರವೂ ಇರುತ್ತದೆ, ಮರೆಯಬೇಡ. ಒಬ್ಬನನ್ನು ಸದ್ದಿಲ್ಲದೆ ಬೀಳಿಸಿದರೂ ಅವನು ಉತ್ತರ ಕೊಡದಿದ್ದರೆ ಉಳಿದವರಿಗೆ ಅನುಮಾನ ಬಂದೇ ಬರುತ್ತದೆ. ಮೊದಲು ಸಂಪರ್ಕ ಕತ್ತರಿಸಿ, ಆಮೇಲೆ ಮನುಷ್ಯನ ಕಡೆ ಹೋಗಿ. ಬರೀ ಕತ್ತಲನ್ನು ನಂಬಬೇಡ, ಕತ್ತಲಲ್ಲಿ ಕಾಣುವ ಜೀವಿಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಬ್ಲೈಂಡ್‌ಸೈಟ್ (ಕಣ್ಣಿನ ಸಹಾಯವಿಲ್ಲದೆ ಸುತ್ತಲಿನದನ್ನು ಗ್ರಹಿಸುವ ಶಕ್ತಿ) ಇರುವ ಪ್ರಾಣಿ ಎದುರಾದರೆ ಅಡಗುವುದು ತುಂಬಾ ಕಷ್ಟ, ಬೇರೆ ದಾರಿ ಯೋಚಿಸು.

ಅಂತರಿಕ್ಷ ನೌಕೆಗಳ ಯುದ್ಧದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಡೆಕ್ಸ್ ಚೆನ್ನಾಗಿದೆ, ಪೈಲಟ್ ಕುರ್ಚಿ ಹಿಡಿ.

ಇನ್ನೊಂದನ್ನು ಜಿಎಂ ಆಗಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಂತಕ ಅಂದ ಮಾತ್ರಕ್ಕೆ ಸೆರೆ ಸಿಕ್ಕವರನ್ನು ಗುಂಪಿಗೆ ಕೇಳದೆ ಕೊಲ್ಲಬೇಡ. ನಿನ್ನವನು ಯಾರನ್ನು ಕೊಲ್ಲುತ್ತಾನೆ, ಯಾರನ್ನು ಮುಟ್ಟುವುದಿಲ್ಲ, ಈ ನೌಕೆಯವರ ಜೊತೆ ಯಾಕಿದ್ದಾನೆ, ಇಷ್ಟನ್ನು ಮೊದಲೇ ನಿಮ್ಮ ಜಿಎಂ ಹತ್ತಿರ ಮಾತಾಡಿಕೋ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 8 ಮತ್ತು 20 ಅನ್ನುವ ಲೆಕ್ಕ ನೋಡಿದ ಮೇಲೆ ಮನಸ್ಸು ಹಗುರವಾಯ್ತು. ನಮ್ಮಲ್ಲಿ ಮೆಕ್ಯಾನಿಕ್ ಇದ್ದಾಳೆ, ಮುಂದಿನ ಸಲ ಅವಳ ಜೊತೆ ಸೇರಿ ಯೋಜನೆ ಮಾಡುತ್ತೇನೆ. ಒಂದು ಕೊನೆಯ ಅನುಮಾನ: ಯಸೋಕಿಗೆ ಕೆನ್ನೆಯ ಚೀಲ ಇದೆಯಲ್ಲ, ಪಿಸ್ತೂಲನ್ನು ಅದರೊಳಗೆ ಇಟ್ಟುಕೊಂಡು ತಪಾಸಣೆ ದಾಟಿ, ಗುರಿಯ ಮುಂದೆ ತೆಗೆದು, ಅದೇ ಸರದಿಯಲ್ಲಿ ಟ್ರಿಕ್ ಅಟ್ಯಾಕ್ ಮಾಡಬಹುದಾ?

ಮೊದಲ ಉತ್ತರ ಕೊಟ್ಟವರು

ಒಳ್ಳೆಯ ಯೋಚನೆ, ಆದರೆ ಅದೇ ಸರದಿಯಲ್ಲಿ ಆಗುವುದಿಲ್ಲ. ಚೀಲದಿಂದ ತೆಗೆಯುವುದು ಸ್ವಿಫ್ಟ್ ಆಕ್ಷನ್ (ಚಿಕ್ಕ, ಬೇಗ ಮುಗಿಯುವ ಕ್ರಿಯೆ), ಟ್ರಿಕ್ ಅಟ್ಯಾಕ್ ಫುಲ್ ಆಕ್ಷನ್, ಫುಲ್ ಆಕ್ಷನ್ ಮಾಡುವ ಸರದಿಯಲ್ಲಿ ಸ್ವಿಫ್ಟ್‌ಗೆ ಜಾಗವಿಲ್ಲ. ಫುಲ್ ಆಕ್ಷನ್ ಆದ್ದರಿಂದಲೇ ಸರ್‌ಪ್ರೈಸ್ ರೌಂಡ್‌ನಲ್ಲೂ (ಎದುರಾಳಿಗೆ ಗೊತ್ತಾಗುವ ಮೊದಲಿನ ಸುತ್ತು) ಟ್ರಿಕ್ ಅಟ್ಯಾಕ್ ಬರುವುದಿಲ್ಲ, ಮಾಮೂಲಿ ಏಟು ಮಾತ್ರ. ಒಂದು ಸರದಿ ಮೊದಲೇ ತೆಗೆದು ಕೈಯಲ್ಲಿ ಮುಚ್ಚಿಟ್ಟುಕೋ, ಆ ಹೊತ್ತಿಗೆ ಜೊತೆಯವರು ಯಾರಾದರೂ ಎದುರಾಳಿಯ ಗಮನ ಬೇರೆ ಕಡೆ ಎಳೆಯಲಿ. ಐದನೇ ಲೆವೆಲ್‌ಗೆ ಘೋಸ್ಟ್‌ಗೆ ಕ್ಲೋಕಿಂಗ್ ಫೀಲ್ಡ್ (ಮೈ ಮರೆಮಾಚುವ ಶಕ್ತಿ) ಸಿಗುತ್ತದೆ. ಆಗ ಅವರು ನೋಡುತ್ತಿರುವಾಗಲೇ, ಮರೆ ಇಲ್ಲದ ಜಾಗದಲ್ಲೂ ಅಡಗಬಹುದು. ಹತ್ತು ರೌಂಡ್ ಇರುತ್ತದೆ, ಆಮೇಲೆ ನಿಮಿಷಕ್ಕೆ ಒಂದು ರೌಂಡಿನಂತೆ ಮತ್ತೆ ತುಂಬಿಕೊಳ್ಳುತ್ತದೆ. ಒಂದು ರೌಂಡ್ ಅಲ್ಲಾಡದೆ ನಿಂತರೆ ಸ್ಟೆಲ್ತ್‌ಗೆ ಇನ್ನೂ 10. ಅಲ್ಲಿಯವರೆಗೆ ಬದುಕಿಸಿಕೋ ಆ ಪುಟ್ಟ ಇಲಿಯನ್ನು, ಆಮೇಲೆ ಹೇಗಾಯ್ತು ಅಂತ ಇಲ್ಲಿ ಬಂದು ಬರಿ.