ಕೂಪರ್ ಕ್ರೀಕಿಗೆ ಹೊರಡುವ ಮುನ್ನ

ಮಗು, ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಪುಟ್ಟ ಊರು ಇನ್ನಮಿಂಕಕ್ಕೆ ಹೋಗಿ ಕೂಪರ್ ಕ್ರೀಕ್ ಹೊಳೆಯ ದಡದಲ್ಲಿ ಡೇರೆ ಹಾಕಬೇಕೆಂದಿದ್ದೇವೆ, ಆದರೆ ಕ್ವೀನ್ಸ್‌ಲ್ಯಾಂಡಿನಲ್ಲಿ ಭಾರಿ ಮಳೆಯೆಂಬ ಸುದ್ದಿ ಕೇಳಿ ಭಯವಾಗುತ್ತಿದೆ, ಹೋಗಬಹುದೇ ಎಂದು ನೀನು ರಾತ್ರಿ ಗುಂಪಿನಲ್ಲಿ ಕೇಳಿದ್ದನ್ನು ಈಗ ಬೆಳಿಗ್ಗೆ ಓದಿದೆ. ಇಷ್ಟನ್ನೆಲ್ಲ ಬೆರಳಿನಲ್ಲಿ ಒತ್ತುತ್ತಾ ಕೂರುವುದು ನನ್ನಿಂದಾಗದು, ಆದ್ದರಿಂದ ಬಾಯಲ್ಲೇ ಹೇಳುತ್ತೇನೆ. ಉದ್ದವಾದರೂ ಪೂರ್ತಿ ಕೇಳು, ನಿನ್ನ ಯಜಮಾನರಿಗೂ ಕೇಳಿಸು.

ಆ ದಾರಿಯಲ್ಲಿ ವಾಹನ ಎಲ್ಲಿ ಕೆಟ್ಟು ನಿಂತರೂ ಅದನ್ನು ಬಿಟ್ಟು ಯಾರೂ ಕದಲಕೂಡದು. ನಾನು ಯಾಕೆ ಹೀಗೆ ಹೇಳುತ್ತೇನೆಂಬುದು ನಮ್ಮಲ್ಲಿ ದೊಡ್ಡವರಿಗೆಲ್ಲ ಗೊತ್ತು. ನೀನು ಆಗಿನ್ನೂ ಊರಿನಲ್ಲಿದ್ದೆ.

ನಾವು ಅಡಿಲೇಡಿಗೆ ಬಂದ ಹೊಸತು. ನಿನ್ನ ದೊಡ್ಡಪ್ಪ, ನಾನು, ಹುಡುಗರು, ಜೊತೆಗೆ ಹಿಂದಿನ ಬೀದಿಯ ಆ ಸ್ನೇಹಿತರ ಸಂಸಾರ, ಎಲ್ಲರೂ ಒಂದೇ ಬಾಡಿಗೆ ವಾಹನದಲ್ಲಿ ಇನ್ನಮಿಂಕಕ್ಕೆ ಹೋಗುವ ಸ್ಟ್ರೆಜ್ಲೆಕಿ ಟ್ರ್ಯಾಕ್ ಎಂಬ ದಾರಿ ಹಿಡಿದು ಹೊರಟಿದ್ದೆವು. ಮಾರ್ಚ್ ತಿಂಗಳು, ಬಿಸಿಲು ಇನ್ನೂ ಇಳಿದಿರಲಿಲ್ಲ. ಲಿಂಡ್‌ಹರ್ಸ್ಟಿನಿಂದ ಇನ್ನಮಿಂಕಕ್ಕೆ ಸುಮಾರು 470 ಕಿಲೋಮೀಟರ್. ನಡುವೆ ಮೂಂಬಾದ ಅನಿಲ ಕ್ಷೇತ್ರವಿದ್ದರೂ ಅಲ್ಲಿ ಪ್ರವಾಸಿಗರಿಗೆ ಪೆಟ್ರೋಲೂ ಸಿಗದು, ಊಟವೂ ಸಿಗದು. ಅರ್ಧ ದಾರಿ ಕಳೆದ ಮೇಲೆ ರೇಡಿಯೇಟರಿನ ಹೋಸ್ ಒಡೆದು, ನೀರೆಲ್ಲ ಸೋರಿ, ನಾವು ನೋಡುತ್ತಿದ್ದಂತೆಯೇ ಮಣ್ಣಿನಲ್ಲಿ ಇಂಗಿಹೋಯಿತು.

ಕುಡಿಯುವ ನೀರು ಡ್ರಮ್ಮಿನಲ್ಲಿತ್ತು, ಅದನ್ನು ಮಕ್ಕಳಿಗೆಂದು ಉಳಿಸಿದೆವು. ಆ ಸ್ನೇಹಿತರು ನಕ್ಷೆಯನ್ನು ಬಾನೆಟ್ಟಿನ ಮೇಲೆ ಹರಡಿ, ಇಲ್ಲೇ ಪಕ್ಕದಲ್ಲಿ ಸ್ಟ್ರೆಜ್ಲೆಕಿ ಕ್ರೀಕ್ ಎಂದು ನೀಲಿ ಗೆರೆಯಿದೆ, ಅಗೋ ಮರಗಳ ಸಾಲೂ ಕಾಣುತ್ತಿದೆ, ರೇಡಿಯೇಟರಿಗೆ ಒಂದು ಕ್ಯಾನ್ ನೀರು ತಂದುಬಿಡುತ್ತೇನೆ ಎಂದು, ನಿನ್ನ ದೊಡ್ಡಪ್ಪ ಎಷ್ಟು ತಡೆದರೂ ಕೇಳದೆ ಹೊರಟೇಬಿಟ್ಟರು. ಆ ನೀಲಿ ಗೆರೆಯಲ್ಲಿ ನೀರಿರುವುದಿಲ್ಲ, ಮಗು. ಕೂಪರ್ ಕ್ರೀಕ್ ಭಾರಿ ಪ್ರವಾಹದಲ್ಲಿ ಉಕ್ಕಿ ಹೊರಚೆಲ್ಲಿದಾಗ ಮಾತ್ರ ಅದು ಹರಿಯುತ್ತದೆ. ಮಿಕ್ಕ ವರ್ಷಗಳಲ್ಲಿ ಬರಿಯ ಮರಳು.

ಅವರು ಹೋದ ಸ್ವಲ್ಪ ಹೊತ್ತಿಗೆಲ್ಲ ಅನಿಲ ಕ್ಷೇತ್ರದ ಲಾರಿಯೊಂದು ನಮ್ಮನ್ನು ಕಂಡು ನಿಂತಿತು. ನೀರು, ಹೋಸಿಗೆ ಸುತ್ತುವ ಟೇಪು, ರೇಡಿಯೋ, ನಮಗೆ ಬೇಕಾದದ್ದೆಲ್ಲವೂ ಆ ಚಾಲಕನ ಬಳಿ ಇತ್ತು, ಆದರೆ ಹೊರಡಲು ನಮ್ಮವರೇ ಇರಲಿಲ್ಲ. ಹೆಜ್ಜೆ ಗುರುತು ನೋಡಿಕೊಂಡು ಹುಡುಕುತ್ತಾ ಹೋದವರಿಗೆ ಅವರು ಸಿಕ್ಕಿದ್ದು ಹೊತ್ತು ಇಳಿಯುವಾಗ, ಒಂದು ಕೂಲಿಬಾ ಮರದ ಬುಡದಲ್ಲಿ. ಅಷ್ಟು ಬಿಸಿಲಿನಲ್ಲೂ ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ತುಟಿ ಬಿರಿದು, ನಾಲಿಗೆ ದಪ್ಪಗಾಗಿ, ಹೆಂಡತಿಯನ್ನು ಹೆಸರು ಹಿಡಿದು ಕರೆಯಲೂ ಆಗುತ್ತಿರಲಿಲ್ಲ. ಕಣ್ಣಿನ ಅಂಚಿಗೆ ಮುತ್ತಿದ ನೊಣಗಳನ್ನು ಓಡಿಸಲು ಕೈ ಏಳುತ್ತಿರಲಿಲ್ಲ, ಆದರೂ ಖಾಲಿ ಕ್ಯಾನಿನ ಹಿಡಿಯನ್ನು ಬಿಟ್ಟಿರಲಿಲ್ಲ. ಫ್ಲೈಯಿಂಗ್ ಡಾಕ್ಟರ್ ವಿಮಾನ ಬಂದು ಕರೆದೊಯ್ದದ್ದರಿಂದ ಉಳಿದುಕೊಂಡರು.

1963ರ ಡಿಸೆಂಬರಿನಲ್ಲಿ ಇದೇ ಸೀಮೆಯ ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ, ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಐದು ಜನರ ಸಂಸಾರವೊಂದು ಕಾರು ಬಿಟ್ಟು ನಡೆಯಿತು, ಒಬ್ಬರೂ ಉಳಿಯಲಿಲ್ಲ. ವಿಮಾನದಿಂದ ಹುಡುಕುವವರಿಗೆ ವಾಹನ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ಮರ ಕಾಣಲಿ, ನಕ್ಷೆಯಲ್ಲಿ ನೀರು ಕಾಣಲಿ, ವಾಹನ ಬಿಟ್ಟು ಕದಲಬೇಡಿ. ಅದರ ನೆರಳಿನಲ್ಲೇ ಕುಳಿತಿರಿ.

ಇನ್ನು ಆ ಬಾಡಿಗೆ ವಾಹನದವರ ವಿಷಯ ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಎಲ್ಲಿಗೆ ಬೇಕಾದರೂ ಹೋಗಿ ಎಂದು ಕೀಲಿ ಕೊಟ್ಟವರು, ವಾಪಸು ಬಂದ ಮೇಲೆ ಕರಾರು ಪತ್ರದ ಕೊನೆಯ ಪುಟ ತೆಗೆದು, ಟಾರು ಇಲ್ಲದ ರಸ್ತೆಗೆ ವಿಮೆ ಅನ್ವಯಿಸುವುದಿಲ್ಲ ಎಂಬ ಸಾಲಿಗೆ ಬೆರಳಿಟ್ಟು ತೋರಿಸಿದರು. ಒಂದು ಜೀವ ಹೋಗುವುದರಲ್ಲಿತ್ತು ಎಂದು ನಾನು ಹೇಳುತ್ತಿದ್ದರೆ ಆ ಮನುಷ್ಯ ಹಣದ ಲೆಕ್ಕವನ್ನೇ ಮಾಡುತ್ತಿದ್ದ. ಹೋಸ್ ಹಳೆಯದೆಂಬುದನ್ನು ಒಪ್ಪಲೇ ಇಲ್ಲ. ನಮ್ಮವರೂ ಅಷ್ಟೇ. ಯುಗಾದಿ ಊಟದಲ್ಲಿ ಸಿಕ್ಕಾಗಲೆಲ್ಲ ಸೂರ್ಯಾಸ್ತದ ಚಿತ್ರ ತೋರಿಸುವ ನೂರು ಜನರಿದ್ದಾರೆ, ಎಷ್ಟು ನೀರು ಒಯ್ದಿರೆಂದು ಕೇಳಿದರೆ ಉತ್ತರ ಕೊಡುವವರಿಲ್ಲ. ನಾನು ಬಾಯಿ ತೆರೆದರೆ ದೊಡ್ಡಮ್ಮ ಮಕ್ಕಳನ್ನು ಹೆದರಿಸುತ್ತಾರೆ ಎನ್ನುತ್ತಾರೆ.

ಅಯ್ಯೋ, ನೀನು ಕೇಳಿದ್ದು ಮಳೆಯ ವಿಷಯ. ವಿಂಡೋರಾದ ಬಳಿ ಥಾಮ್ಸನ್ ಮತ್ತು ಬಾರ್ಕೂ ನದಿಗಳು ಸೇರಿ ಕೂಪರ್ ಕ್ರೀಕ್ ಆಗುತ್ತದೆ. ಅಲ್ಲಿಂದ ಇಳಿಜಾರೇ ಇಲ್ಲದ ಬಯಲಿನಲ್ಲಿ ನೂರಾರು ಕಾಲುವೆಗಳಾಗಿ ಹರಡಿಕೊಂಡು ನಿಧಾನವಾಗಿ ಬರುವುದರಿಂದ, ಇಂದು ಮೇಲೆ ಬಿದ್ದ ಮಳೆ ವಾರಗಳ ನಂತರ, ತಲೆಯ ಮೇಲೆ ಒಂದು ಮೋಡವೂ ಇಲ್ಲದ ದಿನ, ಇನ್ನಮಿಂಕದ ಸೇತುಗಟ್ಟೆಯನ್ನು ಮುಳುಗಿಸುತ್ತದೆ. ಹೊರಡುವ ದಿನ ಬೆಳಿಗ್ಗೆ ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿ ನೋಡು; ಮುಚ್ಚಿದೆ ಎಂದಿದ್ದರೆ ಜುಲೈ ರಜೆಗೆ ಮುಂದೂಡು, ಆಗ ತಂಪೂ ಇರುತ್ತದೆ. ತೆರೆದಿದ್ದರೆ ತಲೆಗೆ ದಿನಕ್ಕೆ 10 ಲೀಟರಿನಂತೆ ನೀರು, ಅದರ ಮೇಲೆ ಎರಡು ದಿನದ ಹೆಚ್ಚುವರಿ. ಲಿಂಡ್‌ಹರ್ಸ್ಟ್ ದಾಟಿದರೆ ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಹಾಗಾಗಿ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಬೀಕನ್ ಒಂದನ್ನು ನಿನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡು ಒಯ್ಯಬೇಕು.

ಮಕ್ಕಳಿಗೆ ಡಿಗ್ ಟ್ರೀ ತೋರಿಸುತ್ತೀರಲ್ಲ, ಆ ಕಥೆ ಸರಿಯಾಗಿ ಹೇಳಿ. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೋದ ಬರ್ಕ್‌ನ ಅನ್ವೇಷಕರ ತಂಡಕ್ಕಾಗಿ ಆ ಮರದ ಬಳಿಯ ಶಿಬಿರದಲ್ಲಿ ಕಾದಿದ್ದ ಕಾವಲಿನವರು, ಆಹಾರ ಹೂತಿಟ್ಟು, ಅಗೆಯಿರಿ ಎಂದು ಮರದ ಮೇಲೆ ಕೆತ್ತಿ, 1861ರ ಏಪ್ರಿಲ್ 21ರ ಬೆಳಿಗ್ಗೆ ಹೊರಟುಹೋದರು, ಅದೇ ಸಂಜೆ ಬರ್ಕ್, ವಿಲ್ಸ್, ಕಿಂಗ್ ಮರಳಿ ಬಂದು ಮುಟ್ಟಿದರು, ಅಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಮೂವರು ಹೂತಿಟ್ಟ ಆಹಾರ ತೆಗೆದುಕೊಂಡು, ತಮ್ಮ ಚೀಟಿಯನ್ನು ಅದೇ ಗುಂಡಿಯಲ್ಲಿಟ್ಟು ಮೊದಲಿನಂತೆಯೇ ಮುಚ್ಚಿದರು, ಮರದ ಮೇಲೆ ಹೊಸ ಗುರುತು ಮಾಡಲಿಲ್ಲ. ಮೇ 8ರಂದು ಕಾವಲಿನವರು ಮರಳಿ ಬಂದು ನೋಡಿ, ಯಾರೂ ಬಂದಿಲ್ಲವೆಂದುಕೊಂಡು ಹೋಗಿಬಿಟ್ಟರು. ಬರ್ಕ್ ಮತ್ತು ವಿಲ್ಸ್ ಅದೇ ಕ್ರೀಕಿನ ದಡದಲ್ಲಿ ಸತ್ತರು. ಅಲ್ಲಿನ ಮೂಲನಿವಾಸಿಗಳಾದ ಯಂಡ್ರುವಂಧ ಜನರು ಸಾಕಿದ್ದರಿಂದ ಕಿಂಗ್ ಒಬ್ಬ ಬದುಕಿದ.

ಆದ್ದರಿಂದ ಯಾವ ದಾರಿ, ಯಾವ ರಾತ್ರಿ ಎಲ್ಲಿ, ವಾಹನದ ಬಣ್ಣ ಮತ್ತು ನಂಬರು, ಬೀಕನ್ನಿನ ಸಂಖ್ಯೆ, ಎಷ್ಟು ಗಂಟೆಯವರೆಗೆ ನಿನ್ನ ಕರೆ ಬಾರದಿದ್ದರೆ ನಾನು ಪೊಲೀಸರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆದು ನನಗೆ ಕಳುಹಿಸು. ಇಲ್ಲಿ ಗುಂಪಿಗೆ ಹಾಕಬೇಡ, ನನ್ನ ನಂಬರಿಗೇ ಕಳುಹಿಸು, ಒಂದು ಪ್ರತಿಯನ್ನು ನಿನ್ನ ಅಣ್ಣನಿಗೂ ಕೊಡು.